ತುರಾಯಿ ಹುಲ್ಲಿಗೆ ತಗುಲಿದ ಮೇಲೆ

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಕಾಲೇಜು ಬ್ಯಾಂಡಿನ ಸಾಲಿನಲ್ಲಿ ಒಂದು ದಿನವೂ ಹೆಜ್ಜೆ ಹಾಕಿದವನಲ್ಲ ನಾನು. ಆ ಬ್ಯಾಂಡಿನಲ್ಲಿ ಟ್ರಾಂಬೋನ್ ಎಂಬ ಉದ್ದನೆಯ ಕಹಳೆ ಊದುತ್ತಿದ್ದ ರೆನಾರ್ಡ್ ಹೇಳಿದ್ದನ್ನು ಕೇಳಿಸಿಕೊಂಡಿದ್ದೇನೆ, ಅಷ್ಟೇ. ತಪ್ಪಿದ್ದರೆ ಮನ್ನಿಸಿ.

ಫುಟ್‌ಬಾಲ್ ಆಟದ ಮಧ್ಯಂತರದಲ್ಲಿ, ಬ್ಯಾಂಡನ್ನು ಮುನ್ನಡೆಸುವ ಡ್ರಮ್ ಮೇಜರ್ ಒಡೆಸ್ಸಾ ಮೈದಾನದ ನಡುವೆ ಬಂದು ನಿಂತಳು. ಅವಳ ಮುಂದೆ ಕಿಕ್ಕಿರಿದ ಜನ, ಹಿಂದೆ ಇಡೀ ಬ್ಯಾಂಡು. ಸೆಪ್ಟೆಂಬರಿನ ಅಲಬಾಮಾ ಬಿಸಿಲಿನಲ್ಲಿ ಗಲ್ಲದವರೆಗೂ ಗುಂಡಿ ಹಾಕಿದ ಬಿಳಿ ಉಣ್ಣೆಯ ಕೋಟು. ಡ್ರಮ್ ಮೇಜರ್ ಕೊರಳ ಗುಂಡಿ ಬಿಚ್ಚುವತನಕ ಬ್ಯಾಂಡಿನಲ್ಲಿ ಯಾರೂ ಬಿಚ್ಚುವಂತಿಲ್ಲ, ಅವಳು ಕುಡಿಯುವತನಕ ಯಾರೂ ನೀರು ಮುಟ್ಟುವಂತಿಲ್ಲ. ಒಡೆಸ್ಸಾ ಬೆಳಗಿನಿಂದ ಎರಡನ್ನೂ ಮಾಡಿರಲಿಲ್ಲ. ಸೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಧಾನವಾಗಿ ಹಿಂದಕ್ಕೆ ಬಾಗಿದಳು. ಬೆನ್ನು ಬಿಲ್ಲಾಯಿತು. ಟೋಪಿಯ ತುರಾಯಿ ಹುಲ್ಲಿಗೆ ತಗುಲಿತು. ಇಡೀ ಕ್ರೀಡಾಂಗಣ ಹೋ ಎಂದಿತು. ಇನ್ನು ಅವಳು ಚಾಟಿಯಂತೆ ಮೇಲೆದ್ದು ಸೀಟಿ ಊದಬೇಕು. ಊದಿದ ಕೂಡಲೇ ಬ್ಯಾಂಡು ಸಿಡಿಯಬೇಕು.

ಅವಳು ಏಳಲಿಲ್ಲ. ಮೊಣಕಾಲು ಮಡಿಚಿಕೊಂಡಿತು, ಹೆಗಲು ಮೆಲ್ಲಗೆ ನೆಲ ಸೇರಿತು. ಜನರ ಕೂಗು ಇಮ್ಮಡಿಯಾಯಿತು. ಸ್ವಲ್ಪ ಮೊದಲಷ್ಟೇ ಎದುರಾಳಿ ಕಾಲೇಜಿನ ಡ್ರಮ್ ಮೇಜರ್ ಹೀಗೇ ಬಾಗಿ ಬಹಳ ಹೊತ್ತು ಇದ್ದು ಎದ್ದಿದ್ದ. ಇವಳು ಅವನಿಗೆ ಬುದ್ಧಿ ಕಲಿಸುತ್ತಿದ್ದಾಳೆ ಎಂದುಕೊಂಡರು.

"ನೋಡೋ ನಮ್ ಮೇಜರಮ್ಮನ್ನ," ಎಂದ ಡ್ವೇನ್, ತುಟಿ ಅಲುಗಿಸದೆ. ಮುಂದಿನ ಸಾಲಿನ ಟ್ರಾಂಬೋನಿನವರಲ್ಲಿ ರೆನಾರ್ಡನ ಪಕ್ಕದವನು ಅವನು. "ಚಪ್ಪಾಳೆ ಸಾಕಾಗೋವರ್ಗೂ ಏಳಲ್ಲ ಇವ್ಳು."

"ಅವಳ ಮುಖ ನೋಡು," ಎಂದ ರೆನಾರ್ಡ್.

"ಬಾಯ್ಮುಚ್ಚೋ. ಪೆಟ್‌ವೇ ಮೇಷ್ಟ್ರು ನೋಡಿದ್ರೆ ಇಬ್ರಿಗೂ ನಾಳೆಯಿಂದ ಬ್ಯಾಂಡಿನ ಕೋಟಿಲ್ಲ."

"ಡ್ವೇನ್, ಮುಖ ನೋಡೋ!"

ಜನರಿಗೆ ಕಾಣುತ್ತಿದ್ದದ್ದು ಮಡಿಸಿದ ಮೊಣಕಾಲು, ಬಿಳಿ ಕೋಟು, ಅಷ್ಟೇ. ಹಿಂದಕ್ಕೆ ಬಿದ್ದ ಮುಖ ತಲೆಕೆಳಗಾಗಿ ಕಾಣುತ್ತಿದ್ದದ್ದು ಬ್ಯಾಂಡಿನ ಮುಂದಿನ ಸಾಲಿಗೆ ಮಾತ್ರ. ಕಣ್ಣಿನಲ್ಲಿ ಬರೀ ಬಿಳಿ. ಚರ್ಮದ ಮೇಲೆ ಒಂದು ಹನಿ ಬೆವರಿಲ್ಲ. ನೋಡಿದವರೆಲ್ಲ ನಿಂತೇ ಇದ್ದರು. ಸೀಟಿಯಿಲ್ಲದೆ ಕದಲಬಾರದು, ಮೊದಲ ವರ್ಷದಿಂದ ಮೈಗೆ ಹೊಡೆದು ಕೂರಿಸಿದ ಮಾತು ಅದು. ಹೋದ ವರ್ಷ ಕಣಜ ಕಚ್ಚಿತೆಂದು ಕೈ ಕೊಡವಿದ ಹುಡುಗಿಯೊಬ್ಬಳು ಆ ಸಂಜೆಯೇ ತನ್ನ ಕ್ಲಾರಿನೆಟ್ ಒಪ್ಪಿಸಿ ಮನೆಗೆ ಹೋಗಿದ್ದಳು. ಸೀಟಿ ಊದಬೇಕಾದವಳೇ ನೆಲದ ಮೇಲಿದ್ದಳು.

"ಹೋಗ್ಬೇಡ ಕಣೋ," ಡ್ವೇನನ ದನಿ ಒಡೆದಿತ್ತು. "ಅಕಸ್ಮಾತ್ ನಾಟಕ ಆಗಿದ್ರೆ?"

ರೆನಾರ್ಡ್ ಟ್ರಾಂಬೋನನ್ನು ಹುಲ್ಲಿನ ಮೇಲೆ ಹಾಕಿ ಓಡಿದ.

ಜನ ಎದ್ದು ನಿಂತು ಕುಣಿದರು. ಇದು ಇನ್ನೊಂದು ಹೊಸ ಆಟ ಅವರಿಗೆ. ಅವನು ಮುಟ್ಟಿದರೆ ಅವಳ ಕೆನ್ನೆ ಕಾದ ಬಾಣಲೆಯಂತೆ ಸುಡುತ್ತಿತ್ತು. "ಡಾಕ್ಟರ್! ಯಾರಾದ್ರೂ ಡಾಕ್ಟರ್ನ ಕರೀರಿ!" ಎಂದು ಅವನು ಕಿರುಚಿದ್ದು ಅವನಿಗೇ ಕೇಳಿಸಲಿಲ್ಲ. ಏನು ಮಾಡಲಿ, ಏನು ಮಾಡಲಿ ಎನ್ನುತ್ತ, ಇದಾದರೂ ಕೇಳಿಸಲಿ ಎಂದು ಅವಳ ಹಲ್ಲಿನ ನಡುವಿನಿಂದ ಸೀಟಿ ಬಿಡಿಸಿಕೊಂಡು ಉಸಿರಿದ್ದಷ್ಟೂ ಊದಿದ.

ಬೆನ್ನ ಹಿಂದೆ ಬ್ಯಾಂಡು ಸಿಡಿಯಿತು.

ನಗಾರಿಗಳು ಗುಡುಗಿದವು, ಕಹಳೆಗಳು ಎದ್ದವು, ಸಾಲಿಗೆ ಸಾಲೇ ಮೊಣಕಾಲೆತ್ತಿ ಮುಂದಕ್ಕೆ ಹೊರಟಿತು. ಹಿಂದಿನವರಿಗೆ ಏನೂ ಕಂಡಿರಲಿಲ್ಲ. ಸೀಟಿ ಕೇಳಿತ್ತು, ನಡೆದರು. ಆದರೆ ಕಂಡವರೂ ನಡೆದರು. ರೆನಾರ್ಡ್ ಎರಡೂ ಕೈ ಬೀಸುತ್ತ, "ನಿಲ್ಸ್ರೋ, ನಿಲ್ಸ್ರೋ!" ಎಂದು ಅರಚುತ್ತ ಅವಳ ಮೇಲೆ ಕವುಚಿ ಕುಳಿತ. ಸಾಲು ಅವರಿಬ್ಬರ ಹತ್ತಿರ ಬಂದು ಸೀಳಿ ಎಡಬಲಕ್ಕೆ ಸರಿಯಿತು, ಹೆಜ್ಜೆ ಒಂದಿಷ್ಟೂ ತಪ್ಪದೆ. ಡ್ವೇನನ ಕೆನ್ನೆ ಉಬ್ಬಿತ್ತು; ಊದುತ್ತಿದ್ದ; ಕಣ್ಣೀರು ಧಾರೆಯಾಗಿ ಟ್ರಾಂಬೋನಿನ ಮೇಲೆ ಇಳಿಯುತ್ತಿತ್ತು. ಊದುವುದನ್ನು ಮಾತ್ರ ನಿಲ್ಲಿಸಲಾಗಲಿಲ್ಲ ಅವನಿಗೆ.

ಮೈದಾನದಂಚಿನಿಂದ ಬ್ಯಾಂಡು ಕಲಿಸುವ ಮುದುಕ ಪೆಟ್‌ವೇ ಮೇಷ್ಟ್ರು ಓಡಿಬಂದರು. ನಿಲ್ಲಿಸಿ ಎಂದು ಮುಷ್ಟಿ ಎತ್ತಿದರು. ವಾದ್ಯಗಳು ಒಂದೊಂದಾಗಿ ಕಡಿದುಹೋದವು. ಮೇಷ್ಟ್ರು ಬಿಚ್ಚಲು ಹೋಗದೆ ಅವಳ ಕೋಟಿನ ಗುಂಡಿಗಳನ್ನು ಕಿತ್ತೇ ಎಸೆದರು. ಯಾರೋ ಆಟಗಾರರ ಮಂಜುಗಡ್ಡೆಯ ತೊಟ್ಟಿಯನ್ನೇ ಹೊತ್ತು ತಂದು ಅವಳ ಮೇಲೆ ಸುರಿದರು. ಅಷ್ಟು ಜನವಿದ್ದ ಜಾಗದಲ್ಲಿ ಮಂಜುಗಡ್ಡೆ ಹುಲ್ಲಿಗೆ ಬೀಳುವ ಸದ್ದು ಕೇಳಿಸುತ್ತಿತ್ತು.

"ಉಸಿರಾಡಮ್ಮ," ಎಂದರು ಮೇಷ್ಟ್ರು. "ಉಸಿರಾಡು ಮಗಳೇ."

ಬಹಳ ಹೊತ್ತಿನ ಮೇಲೆ ಒಡೆಸ್ಸಾ ಕಣ್ಣು ಬಿಟ್ಟಳು. ಆಕಾಶ ನೋಡಿದಳು. ಆಮೇಲೆ ಒಡೆದ ತುಟಿ ಅಲುಗಿತು. ರೆನಾರ್ಡ್ ಕಿವಿ ಹತ್ತಿರ ತಂದ.

"ಸಾಲು ಮುರಿದಿದ್ದು ಯಾರು?"

"ನಾನೇ, ಒಡೆಸ್ಸಾ."

ಅವಳು ಅವನನ್ನೇ ದಿಟ್ಟಿಸಿದಳು. ಮತ್ತೆ ಕಣ್ಣು ಮುಚ್ಚಿದಳು. ಅವಳನ್ನು ಹೊತ್ತೊಯ್ದರು.

ಚಳಿಗಾಲದ ಹೊತ್ತಿಗೆ ಅವಳು ಗುಣವಾಗಿ ಬಂದಳು. ಅಂದು ಹಾಗೆ ಕೇಳಿದ್ದು ಬೈಯಲೆಂದೋ, ಉಪಕಾರ ನೆನೆಯಲೆಂದೋ ಎಂದು ವಿಚಾರಿಸುವ ಧೈರ್ಯ ರೆನಾರ್ಡನಿಗೆ ಇನ್ನೂ ಬಂದಿಲ್ಲ. ಆದ್ದರಿಂದ ನನಗೂ ಗೊತ್ತಿಲ್ಲ.