ಕೆಂಪು ಗಾಜು

ಹಿತ್ತಲಲ್ಲಿ ಬಟ್ಟೆ ಹರವುವ ಹಗ್ಗಕ್ಕೆ ತಗುಲಿಸಿದ್ದ ಫೋಟೋ ನೋಡಿ ಅಂಜನಮ್ಮ ಕೈಲಿದ್ದ ಮೊರ ಕೆಳಗಿಟ್ಟಳು. ಫೋಟೋದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕಪ್ಪು ಆಕಾಶ, ಅದರಲ್ಲಿ ಹಿಂಜಿದ ಅರಳೆಯಂಥ ಮೋಡ, ಕೆಳಗೆ ಅರ್ಧ ಕಟ್ಟಿದ ಗೋಡೆಯ ಪಕ್ಕ ಒಬ್ಬಳೇ ನಿಂತ ಹೆಂಗಸು. ಬಿಳಿ ಸೀರೆ. ಬರಿ ಹಣೆ. ಅಂಜನಮ್ಮ ಇನ್ನೂ ಹತ್ತಿರ ಹೋಗಿ ನೋಡಿದಳು. ಹೆಂಗಸು ತನ್ನ ಸೊಸೆಯೇ.

“ಬೆಟ್ಟಯ್ಯಾ, ನಿನಗೆ ನೀನೇ ಎಳ್ಳುನೀರು ಬಿಟ್ಕೊಂಡಿದೀಯಲ್ಲೋ,” ಅಂದಳು.

ಮಗ ಬಚ್ಚಲುಮನೆಯಿಂದ ಹೊರಗೆ ಬಂದ. ಬೆಳಗಿನಿಂದ ಅದರ ಕಿಟಕಿಗೆ ಕಂಬಳಿ ಹೊಡೆದು, ಕತ್ತಲಲ್ಲಿ ಫೋಟೋ ತೊಳೆಯುತ್ತಾ ಕೂತಿದ್ದ. ಮನೆಯವರಿಗೆ ಈ ಭಾನುವಾರ ಸ್ನಾನವಿರಲಿಲ್ಲ. ಅವನ ಮುಖದಲ್ಲಿ ಮಾತ್ರ ಹಬ್ಬದ ಕಳೆ. ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತನಾಗಿದ್ದ ಬೆಟ್ಟಯ್ಯ ಆರು ವರ್ಷದಿಂದ ಭಾನುವಾರ ಬಂತೆಂದರೆ ಸೈಕಲ್ಲಿಗೆ ಕ್ಯಾಮರಾ ಕಟ್ಟಿಕೊಂಡು ಕೆಂಗೇರಿ, ಲಗ್ಗೆರೆ ಅಂತ ಅಲೆದು, ಕೆರೆ, ಎತ್ತು, ಮುದುಕರ ಮುಖದ ಸುಕ್ಕು ಎಲ್ಲ ತೆಗೆದು ಪ್ರದರ್ಶನಗಳಿಗೆ ಕಳಿಸಿದ್ದ. ಒಂದೂ ಆಯ್ಕೆಯಾಗಿರಲಿಲ್ಲ. ಇದು ಆಗುತ್ತದೆ. ತಟ್ಟೆಯ ನೀರಿನೊಳಗೆ ಆ ಆಕಾಶ ಮೂಡುತ್ತಿದ್ದಾಗಲೇ ಅವನಿಗೆ ಗೊತ್ತಾಗಿಹೋಗಿತ್ತು. ನಾಳೆ ಅಂಚೆಗೆ ಹಾಕಿದರೆ ಕಡೆಯ ದಿನದೊಳಗೆ ತಲುಪುತ್ತದೆ.

ಹೆಂಡತಿ ಗಂಗಲಕ್ಷ್ಮಿ ಒಲೆ ಬಿಟ್ಟು ಬಂದು ನೋಡಿದಳು. ಮದುವೆಯಾದ ನಾಲ್ಕು ವರ್ಷದಲ್ಲಿ ಅವಳು ಗಂಡನ ಕ್ಯಾಮರಾದಿಂದ ಕೇಳಿದ್ದು ಒಂದೇ ಒಂದು ಫೋಟೋ, ಮಾಗಡಿಯಲ್ಲಿದ್ದ ಅಮ್ಮನಿಗೆ ಕಳಿಸುವುದಕ್ಕೆ. ಮೊಣಕಾಲು ನೋವಿನಿಂದ ಬಸ್ಸು ಹತ್ತಲಾರದ ಆ ಅಮ್ಮ, ಮಗಳ ಮುಖ ಮರೆತುಹೋಗ್ತಾ ಇದೆ ಎಂದು ಯಾರ ಕೈಲೋ ಬರೆಸಿದ್ದಳು. ಹೋದ ಭಾನುವಾರ ಅವನಾಗಿಯೇ “ಬಾ” ಅಂದಾಗ ಗಂಗಲಕ್ಷ್ಮಿ ಟ್ರಂಕಿನಿಂದ ಧಾರೆಯ ಕೆಂಪು ಸೀರೆ ತೆಗೆದು ಉಟ್ಟು, ಕಾಸಗಲ ಕುಂಕುಮ ಇಟ್ಟುಕೊಂಡು ಹೊರಟಿದ್ದಳು. ರಾಜಾಜಿನಗರದಲ್ಲಿ ಆಗ ಮನೆಗಿಂತ ಬಯಲೇ ಹೆಚ್ಚು. ಅವನು ಅವಳನ್ನು ಬೀದಿಯ ಕೊನೆಗೆ ಕರೆದುಕೊಂಡು ಹೋಗಿ, ಇನ್ನೂ ಸೂರಿಲ್ಲದ ಒಂದು ಮನೆಯ ಗೋಡೆ ಪಕ್ಕ ನಿಲ್ಲಿಸಿ, ತಾನು ದೂರ ದೂರ ಹೋಗಿ ಮೋಡಕ್ಕಾಗಿ ಒಂದು ಗಂಟೆ ಕಾದಿದ್ದ. ನಗಲಾ ಎಂದು ಅವಳು ಕೇಳಿದ್ದಕ್ಕೆ ಬೇಡ, ಆ ಕಡೆ ನೋಡು ಎಂದಿದ್ದ.

ಈಗ ಅವನು ತಪ್ಪು ತನ್ನದಲ್ಲ, ಗಾಜಿನದು ಎಂದು ಬಿಡಿಸಿ ಹೇಳಿದ. ಮೋಡ ಎದ್ದು ಕಾಣಲಿ ಅಂತ ಕ್ಯಾಮರಾದ ಕಣ್ಣಿಗೆ ಕೆಂಪು ಗಾಜು ಹಾಕಿದ್ದೆ. ಕಪ್ಪು ಬಿಳುಪು ಫೋಟೋದಲ್ಲಿ ಅದು ನೀಲಿಯನ್ನು ಕಪ್ಪು ಮಾಡುತ್ತೆ, ಕೆಂಪನ್ನು ಬಿಳಿ ಮಾಡುತ್ತೆ. ಸೀರೆ ಬಿಳಿಯಾದದ್ದು, ಕುಂಕುಮ ಹೋದದ್ದು ಅದರಿಂದ. ಬೇಕಾದರೆ ನೆಲ ನೋಡಿ, ನಮ್ಮ ಕೆಂಪು ಮಣ್ಣೂ ಸುಣ್ಣ ಬಳಿದ ಹಾಗೆ ಬಂದಿದೆ. ಅಂಜನಮ್ಮನಿಗೆ ಗಾಜಿನ ಗುಣ ಬೇಕಿರಲಿಲ್ಲ. ಬರಿ ಹಣೆ ಅಂದರೇನು ಅಂತ ಇಪ್ಪತ್ತು ವರ್ಷದಿಂದ ನನಗೆ ಗೊತ್ತು, ನಿನ್ನ ಗಾಜಿಗೇನು ಗೊತ್ತು ಎಂದಳು. ಇದನ್ನೇನಾದರೂ ಮಾಗಡಿಗೆ ಕಳಿಸಿದರೆ ಬೀಗರು ಬಾಯಿ ಬಡ್ಕೊಂಡು ಬರ್ತಾರೆ, ನೀನೇ ಎದ್ದು ಹೋಗಿ ಬಾಗಿಲು ತೆಗಿ. ಮೊದಲು ಒಲೆಗೆ ಹಾಕು.

ಒಲೆ ಅಂದದ್ದಕ್ಕೆ ಬೆಟ್ಟಯ್ಯ ಹೆದರಿದ. ಓಡಿಹೋಗಿ ಸಣ್ಣ ಕುಂಚ, ಕಪ್ಪು ಶಾಯಿ ತಂದ. ಹಣೆಗೊಂದು ಚುಕ್ಕಿ ಇಟ್ಟುಬಿಡ್ತೀನಿ, ಸರಿಹೋಗುತ್ತೆ ಎಂದ. ಸರಿಹೋಗುವುದಿಲ್ಲವೆಂದು ಅವನಿಗೇ ಗೊತ್ತಿತ್ತು. ಚುಕ್ಕಿ ಬಿದ್ದರೆ ಮೋಡದ ಕೆಳಗೆ ಯಾರದೋ ಹೆಂಡತಿ ನಿಂತಿರುತ್ತಾಳೆ, ಅಷ್ಟೆ. ಕುಂಚದ ತುದಿಯ ಶಾಯಿ ಒಣಗಿತು. ಮತ್ತೆ ಅದ್ದಿದ. ಅದೂ ಒಣಗಿತು.

“ಆ ಗಾಜು ಕೊಡಿ,” ಅಂದಳು ಗಂಗಲಕ್ಷ್ಮಿ.

ಅವಳು ಅದನ್ನು ಒಂದು ಕಣ್ಣಿಗೆ ಹಿಡಿದು ನಡುಮನೆಯ ಕನ್ನಡಿಯ ಮುಂದೆ ನಿಂತಳು. ಹಣೆಯಲ್ಲಿ ಬೆಳಗ್ಗೆ ಇಟ್ಟ ಕುಂಕುಮ ಇತ್ತು. ಗಾಜಿನೊಳಗಿಂದ ನೋಡಿದರೆ ಅದು ಇರುವುದಿಲ್ಲವೆಂದು ಹಿಂದೆ ನಿಂತಿದ್ದ ಬೆಟ್ಟಯ್ಯನಿಗೆ ಗೊತ್ತಿತ್ತು. ಅಳುತ್ತಾಳೆಂದು ಕಾದ. ಅವಳು ಗಾಜು ತೆಗೆದು ನೋಡಿದಳು, ಮತ್ತೆ ಹಿಡಿದು ನೋಡಿದಳು. ಆಮೇಲೆ ಹಿಡಿದುಕೊಂಡೇ ಅವನ ಕಡೆ ತಿರುಗಿ, ಅವನನ್ನೂ ಸ್ವಲ್ಪ ಹೊತ್ತು ನೋಡಿದಳು.

“ಕಂಡಿತಲ್ಲ? ಎಲ್ಲ ಗಾಜಿನ ತಪ್ಪು,” ಅಂದ.

“ಗಾಜು ಸರಿಯಾಗೇ ಇದೆ. ಭಾನುವಾರ ನೀವು ಸೈಕಲ್ ಹತ್ತಿ ಹೋದ ಮೇಲೆ ನಾನು ಗೇಟಿನ ಹತ್ರ ಹೀಗೇ ನಿಂತಿರ್ತೀನಿ. ಚುಕ್ಕಿ ಇಡಬೇಡಿ, ಪ್ರದರ್ಶನಕ್ಕೆ ಹೀಗೇ ಕಳಿಸಿ. ಫೋಟೋ ಸರಿಯಾಗಿ ಬರಲಿಲ್ಲ ಅಂತ ಅಮ್ಮನಿಗೆ ನಾನೇ ಬರೀತೀನಿ.”

ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ ಅಂಜನಮ್ಮ ಸೊಸೆಯ ಮುಖ ನೋಡಿ, ವಾಪಸು ಹೋಗಿ ಮೊರ ಎತ್ತಿಕೊಂಡಳು. ಬೆಟ್ಟಯ್ಯನಿಗೆ ಮೊದಲು ಆದದ್ದು ಸಂತೋಷ. ಬೇರೇನಾದರೂ ಆಗುವುದರೊಳಗೆ ಅವನು ಪ್ರದರ್ಶನದ ಅರ್ಜಿ ತಂದು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ತುಂಬತೊಡಗಿದ್ದ. ಹೆಸರು, ವಿಳಾಸ, ಕ್ಯಾಮರಾ ಯಾವುದು. ಚಿತ್ರದ ಶೀರ್ಷಿಕೆ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ‘ಒಂಟಿ’ ಅಂತ ಬರೀಲಾ, ‘ವಿಧಿ’ ಅಂತ ಬರೀಲಾ ಎಂದು ಗಟ್ಟಿಯಾಗಿಯೇ ಅಂದುಕೊಂಡ.

ಗಂಗಲಕ್ಷ್ಮಿ ಕನ್ನಡಿಯ ಮುಂದೆ ನಿಂತು ಬೆವರಿಗೆ ಕದಡಿದ್ದ ಕುಂಕುಮ ತಿದ್ದಿಕೊಳ್ಳುತ್ತಿದ್ದಳು. ತಿರುಗಿ ನೋಡದೆ ಹೇಳಿದಳು:

“ಮುತ್ತೈದೆ ಅಂತ ಬರೀರಿ.”