ನಲವತ್ತೊಂದು ಹುಗ್ಗಿ ಊಟ

ನಲವತ್ತೊಂದನೆಯ ಉತ್ತರಪತ್ರಿಕೆಯಲ್ಲೂ ಹುಗ್ಗಿ ಸಿಕ್ಕಿತು. ಮಡಿವಾಳಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಸಾಮೂಹಿಕ ನಕಲು, ಅನುಮಾನವೇ ಬೇಡ. ಪ್ರಶ್ನೆ ಅಮೆರಿಕದ ದುಡಿಯುವ ಜನರ ಮೇಲಿತ್ತು. ಚಿತ್ತಾಪುರದ ಆ ಖಾಸಗಿ ಕಾಲೇಜಿನ ಮಕ್ಕಳು ವರ್ಜೀನಿಯಾದ ಹೊಗೆಸೊಪ್ಪಿನ ತೋಟದ ಗುಲಾಮರಿಂದ ಹಿಡಿದು ಅಂತರ್ಯುದ್ಧದವರೆಗೆ ಚೆನ್ನಾಗಿಯೇ ಬರೆದಿದ್ದರು. ೧೮೬೯ಕ್ಕೆ ಬಂದೊಡನೆ ಒಬ್ಬರೂ ಬಿಡದಂತೆ ಹಳಿ ತಪ್ಪಿದ್ದರು: "ಪೂರ್ವ, ಪಶ್ಚಿಮದ ರೈಲುಮಾರ್ಗಗಳು ಕೂಡಿದ ದಿನ ದುಡಿದವರಿಗೆಲ್ಲ ಗೋಧಿ ಹುಗ್ಗಿಯ ಊಟ ಹಾಕಿಸಲಾಯಿತು."

ವಿಚಾರಣಾ ಸಮಿತಿಯ ಅಧ್ಯಕ್ಷರಾದ ಮಡಿವಾಳಯ್ಯನವರು ಮೂವತ್ತು ವರ್ಷ ಊರೂರಿಗೆ ವರ್ಗವಾಗುತ್ತ ಇತಿಹಾಸ ಕಲಿಸಿದವರು, ಕಾಪಿ ಹಿಡಿಯುವುದರಲ್ಲಿ ಹೆಸರಾದವರು. ಪಕ್ಕದಲ್ಲಿ ಸದಸ್ಯೆ ಅನಸೂಯಾಬಾಯಿ. ಎದುರಿಗೆ ಆ ಕಾಲೇಜಿನ ಅತಿಥಿ ಉಪನ್ಯಾಸಕಿ ಪ್ರಮಿತಾ. ನಕಲೆಂದು ಸಾಬೀತಾದರೆ ಮಕ್ಕಳ ವರ್ಷ ಹಾಳು, ಆಕೆಯ ಕೆಲಸವೂ ಹೋದಂತೆಯೇ. ಆಕೆಗೆ ನಿಜಕ್ಕೂ ಭಯವಾಗಿತ್ತು. ಆದರೂ ಅಧ್ಯಕ್ಷರ ಮುಖ ನೋಡಿದಾಗಲೆಲ್ಲ ಯಾಕೋ ನಗು ತಡೆಯುವವಳಂತೆ ತುಟಿ ಕಚ್ಚಿಕೊಳ್ಳುತ್ತಿದ್ದಳು.

"ಚೀಟಿ ಯಾರು ಕೊಟ್ರು, ಹೇಳ್ರಿ."

"ಚೀಟಿ ಇಲ್ರಿ ಸರ್. ತರಗತಿಯಾಗ ನಾನೇ ಹೇಳೀನಿ."

"ಯಾವ ಪುಸ್ತಕದಾಗ ಅದ?"

"ಪುಸ್ತಕದಾಗ ಇಲ್ರಿ. ಶಹಾಬಾದದಾಗ ನಾ ಓದುವಾಗ ನಮ್ಮ ಸರ್ ಹೇಳಿದ್ರು. ಊಟ ಆದ ಮ್ಯಾಲಿನ ತಾಸು, ಎಲ್ಲಾರೂ ತೂಕಡಿಸ್ತಿದ್ವಿ. ಹುಗ್ಗಿ ಅಂದಕೂಡ್ಲೆ ಎದ್ದು ಕುಂತ್ವಿ. ನಾನೂ ಅದೇ ಉಪಾಯ ಮಾಡಿದೆ. ಸ್ಲ್ಯಾಬ್ ಹಾಕಿದ ದಿನ ನಮ್ಮಲ್ಲಿ ಕೆಲಸದವರಿಗೆ ಸಿಹಿ ಊಟ ಹಾಕ್ತಾರಲ್ರಿ, ಮಕ್ಕಳು ಖರೇ ಅಂತ ಬರ್ಕೊಂಡಾರ."

"ಎಂಥಾ ಬೇಜವಾಬ್ದಾರಿ ಮಾಸ್ತರ," ಮಡಿವಾಳಯ್ಯನವರು ಗುಡುಗಿದರು. "ಹೆಸರು ಹೇಳ್ರಿ. ಅವರನ್ನೂ ಇಲ್ಲೇ ಕರೆಸೋಣ."

ಪ್ರಮಿತಾ ಸೆರಗು ಸರಿಮಾಡಿಕೊಂಡಳು. "ಬಾಯಿಲೆ ಹ್ಯಾಂಗ ಹೇಳ್ಲಿರಿ?"

ಅನಸೂಯಾಬಾಯಿ ಮುಸಿಮುಸಿ ನಕ್ಕರು. ಗಂಡನ ಹೆಸರು ಬಾಯಲ್ಲಿ ತರದ ಹೆಂಗಸರು ಅವರ ಮನೆಯಲ್ಲೂ ಇದ್ದರು. "ಮಾಸ್ತರನ್ನೇ ಮದುವಿ ಆಗೀರೇನು? ಹೋಗ್ಲಿ, ಬರೆದು ಕೊಡ್ರಿ."

ಪ್ರಮಿತಾ ಬರೆದುಕೊಟ್ಟಳು. ಮಡಿವಾಳಯ್ಯನವರು ಕಣ್ಣು ಕಿರಿದು ಮಾಡಿ ಓದಿದರು. ಕನ್ನಡಕ ಹಾಕಿಕೊಂಡು ಮತ್ತೆ ಓದಿದರು. ಒಂದು ಲೋಟ ನೀರು ಕುಡಿದರು.

"ಇದು ನಕಲಲ್ಲ. ಫಲಿತಾಂಶ ಬಿಡ್ರಿ. ಹುಗ್ಗಿಗೆ ಅರ್ಧ ಅಂಕ ಕಡಿಮಿ ಮಾಡ್ರಿ, ಸಾಕು. ಇವರ ಕೆಲಸಕ್ಕ ಏನೂ ಆಗಬಾರದು."

"ಮತ್ತ ಆ ಮಾಸ್ತರ್ರು?" ಅನಸೂಯಾಬಾಯಿ ಕೇಳಿದರು.

"ಬಿಡ್ರಿ, ಪಾಪ. ಮಕ್ಕಳ ನಿದ್ದಿ ಓಡಿಸಲಿಕ್ಕ ಏನೋ ಅಂದಾನ. ಮನುಷ್ಯಾ ಭಾಳ ಒಳ್ಳೆಯವ."

ಪ್ರಮಿತಾಳಿಗೆ ಹೋದ ಜೀವ ಬಂದಂತಾಯಿತು. ಅನಸೂಯಾಬಾಯಿಗೆ ಮಾತ್ರ ಕುತೂಹಲ ತಡೆಯಲಾಗಲಿಲ್ಲ. ಅಧ್ಯಕ್ಷರು ಫೈಲಿನ ಕೆಳಗೆ ತಳ್ಳಿದ್ದ ಕಾಗದವನ್ನು ಮೆಲ್ಲಗೆ ಎಳೆದು ಓದಿದರು.

"ನೀವೇ, ಸರ್."