ಟ್ಯಾಂಕರ್ ಸರದಿ

ಬಡಾವಣೆಯ ಟ್ಯಾಂಕರ್ ನೀರಿಗೆಂದು ವಾರಿಜಾ ಮಾಡಿಕೊಟ್ಟಿದ್ದ ಆ್ಯಪ್‌ನಲ್ಲಿ ಮೊದಲು ಕೇಳಿದವರ ಮನೆಗೇ ಮೊದಲು ನೀರು. ಸಂಘದ ಅಧ್ಯಕ್ಷರಿಗೆ ಅದೇ ಕಣ್ಣುರಿ.

“ಪಟ್ಟೀಲಿರೋ ಹೆಸರನ್ನ ಬೆರಳಲ್ಲಿ ಎಳೆದು ಮೇಲಕ್ಕೆ ಹಾಕೋ ಹಾಗೆ ಮಾಡಮ್ಮ.”

“ಆಮೇಲೆ ಸರದಿ ಅಂತ ಏನುಳಿಯತ್ತೆ ಸರ್?”

“ಹೇಳಿದಷ್ಟು ಮಾಡು. ಇಲ್ಲಾಂದ್ರೆ ಬೇರೆಯವರ ಕೈಲಿ ಮಾಡಿಸ್ತೀನಿ.”

ಬೇರೆಯವರ ಕೈಗೆ ಬಿಡುವ ಜಾಯಮಾನ ಅವಳದಲ್ಲ. ಆ ರಾತ್ರಿಯೇ ಮಾಡಿಮುಗಿಸಿದಳು.

ಭಾನುವಾರ ಬೆಳಿಗ್ಗೆ ಅಧ್ಯಕ್ಷರದೇ ಫೋನು.

“ಮೈಗೆಲ್ಲ ಎಣ್ಣೆ ಹಚ್ಕೊಂಡು ಕೂತಿದೀನಿ, ಮನೇಲಿ ತೊಟ್ಟು ನೀರಿಲ್ಲ. ನನ್ನ ಹೆಸರನ್ನ ಎಷ್ಟು ಸಲ ಮೇಲಕ್ಕೆಳೆದ್ರೂ ಮತ್ತೆ ತಳಕ್ಕೇ ಹೋಗ್ತಿದೆ. ನಿನ್ನ ಆ್ಯಪ್ ಕೆಟ್ಟಿದ್ಯಾ?”

“ಇಲ್ಲ ಸರ್,” ಎಂದಳು ವಾರಿಜಾ. “ಎಳೆಯೋ ಅನುಕೂಲ ಎಲ್ಲಾ ಮನೆಯವರಿಗೂ ಕೊಟ್ಟಿದೀನಿ.”